ಹುಲ್ಲು ಒಣಗಿದ ವರ್ಷ, ಪರಿಹಾರದ ಲೆಕ್ಕ: ಉತ್ತರ ಡಕೋಟಾದ ಒಂದು ರಾಂಚ್ ಕುಟುಂಬದ ಪ್ರಕರಣ

ಅಮೆರಿಕದಲ್ಲಿ ಬರ ಬಂದು ಹುಲ್ಲುಗಾವಲು ಒಣಗಿದರೆ ದನ ಸಾಕುವವರಿಗೆ ಕೇಂದ್ರ ಸರ್ಕಾರ ದುಡ್ಡು ಕೊಡುತ್ತದೆ. ಇದು ವಿಮೆಯಲ್ಲ, ಕಂತು ಕಟ್ಟಬೇಕಿಲ್ಲ. ನಿಮ್ಮ ಹೊಲದಲ್ಲಿ ಎಷ್ಟು ಹುಲ್ಲು ಹೋಯಿತು ಅಂತ ಯಾರೂ ಬಂದು ಅಳೆಯುವುದೂ ಇಲ್ಲ. ಒಂದು ನಕ್ಷೆ ನೋಡುತ್ತಾರೆ, ನಿಮ್ಮ ಕಾಗದಪತ್ರ ನೋಡುತ್ತಾರೆ, ಲೆಕ್ಕ ಹಾಕಿ ಖಾತೆಗೆ ಹಾಕುತ್ತಾರೆ. ಯೋಜನೆಯ ಹೆಸರು ಲೈವ್‌ಸ್ಟಾಕ್ ಫೋರೇಜ್ ಡಿಸಾಸ್ಟರ್ ಪ್ರೋಗ್ರಾಂ, ಚಿಕ್ಕದಾಗಿ ಎಲ್‌ಎಫ್‌ಪಿ. 2008ರ ಕೃಷಿ ಕಾಯ್ದೆಯಲ್ಲಿ ಹುಟ್ಟಿತು, 2014ರ ಕಾಯ್ದೆಯಲ್ಲಿ ಕಾಯಂ ಆಯಿತು. ನಡೆಸುವುದು ಅಲ್ಲಿನ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ. ಕೌಂಟಿ ಅಂದರೆ ನಮ್ಮ ಜಿಲ್ಲೆ, ತಾಲ್ಲೂಕಿನಂಥ ಆಡಳಿತ ಘಟಕ. ಹೆಚ್ಚು ಕಡಿಮೆ ಎಲ್ಲ ಕೃಷಿ ಕೌಂಟಿಗಳಿಗೂ ಅದರ ಒಂದು ಕಚೇರಿ ಇರುತ್ತದೆ.

ಕೇಳಲು ಸರಳ. 2021ರ ಬರದಲ್ಲಿ ಉತ್ತರ ಡಕೋಟಾ ರಾಜ್ಯದಲ್ಲಿ ರಾಂಚ್, ಅಂದರೆ ದನ ಮೇಯಿಸುವ ದೊಡ್ಡ ಜಮೀನು, ನಡೆಸುವ ಒಂದು ಕುಟುಂಬಕ್ಕೆ ಇದು ಅಷ್ಟು ಸರಳವಾಗಿರಲಿಲ್ಲ. ಗುರುತು ಸಿಗದ ಹಾಗೆ ಊರು, ಕೌಂಟಿಗಳ ಹೆಸರು ಬಿಟ್ಟಿದ್ದೇನೆ. ಎಕರೆ, ದನಗಳ ಸಂಖ್ಯೆ ಬದಲಿಸಿ ದುಂಡಾಗಿಸಿದ್ದೇನೆ. ನಿಯಮಗಳು ಮಾತ್ರ ಆ ವರ್ಷ ಇದ್ದ ಹಾಗೆಯೇ ಇವೆ.

ಮನೆ, ದನ, ನೆಲ

ಗಂಡ, ಹೆಂಡತಿ, ಮದುವೆಯಾದ ಮಗ. 240 ತಾಯಿ ಹಸುಗಳು. ಹಾಲಿಗಲ್ಲ, ಮಾಂಸಕ್ಕೆ ಕರು ಬೆಳೆಸುವ ತಳಿ. ಹಸು ವಸಂತದಲ್ಲಿ ಕರು ಹಾಕುತ್ತದೆ, ಬೇಸಿಗೆಯಿಡೀ ತಾಯಿ ಕರು ಎರಡೂ ಹುಲ್ಲುಗಾವಲಲ್ಲಿ ಮೇಯುತ್ತವೆ, ಅಕ್ಟೋಬರ್ ಹೊತ್ತಿಗೆ ಕರು ಮಾರಾಟ. ಇದಲ್ಲದೆ ಹಿಂದಿನ ವರ್ಷದ 80 ಹೋರಿಗರುಗಳನ್ನು ಇನ್ನೊಂದು ಬೇಸಿಗೆ ಮೇಯಿಸಿ ತೂಕ ಬಂದ ಮೇಲೆ ಮಾರುತ್ತಿದ್ದರು.

ನೆಲ ಮೂರು ಬಗೆಯದು. ಸ್ವಂತದ್ದು 1,600 ಎಕರೆ. ಪಕ್ಕದ ಕೌಂಟಿಯಲ್ಲಿ ನಗದು ಗುತ್ತಿಗೆಗೆ ಹಿಡಿದದ್ದು 600 ಎಕರೆ. ಮೂರನೆಯದು ವಯಸ್ಸಾದ ನೆರೆಯವರೊಬ್ಬರ 400 ಎಕರೆ, ಸ್ವಂತ ನೆಲಕ್ಕೆ ಅಂಟಿಕೊಂಡೇ ಇದೆ. ಹೋರಿಗರುಗಳು ಮೇಯುತ್ತಿದ್ದದ್ದು ಅಲ್ಲೇ. ಅದಕ್ಕೆ ಎಕರೆಗಿಷ್ಟು ಎಂಬ ಬಾಡಿಗೆ ಇರಲಿಲ್ಲ. ಬೇಸಿಗೆಯಲ್ಲಿ ದನ ಎಷ್ಟು ಪೌಂಡ್ ತೂಕ ಏರಿತೋ ಅದರ ಮೇಲೆ ನೆಲದವರಿಗೆ ಹಣ. ಹುಲ್ಲು ಚೆನ್ನಾಗಿದ್ದರೆ ಇಬ್ಬರಿಗೂ ಲಾಭ, ಇಲ್ಲದಿದ್ದರೆ ಇಬ್ಬರಿಗೂ ನಷ್ಟ. ಎಷ್ಟೋ ವರ್ಷಗಳಿಂದ ಕೈ ಕುಲುಕಿ ನಡೆದುಕೊಂಡು ಬಂದ ಒಪ್ಪಂದ. ನ್ಯಾಯವಾದದ್ದೇ. ಆದರೆ ಎಲ್‌ಎಫ್‌ಪಿ ನಿಯಮದಲ್ಲಿ ಇದು ಮುಳ್ಳಾಯಿತು.

ಬರ ಬಂದ ಬಗೆ

2020ರ ಬೇಸಿಗೆ ಕೊನೆಯಿಂದಲೇ ಮಳೆ ಕೈಕೊಟ್ಟಿತ್ತು. ಚಳಿಗಾಲದಲ್ಲಿ ಹಿಮವೂ ಕಡಿಮೆ. 2021ರ ಏಪ್ರಿಲ್ 8ರಂದು ಆಗಿನ ಗವರ್ನರ್ ಡಗ್ ಬರ್ಗಮ್ ಇಡೀ ರಾಜ್ಯಕ್ಕೆ ಬರ ಘೋಷಿಸಿದರು. ಮೇ ತಿಂಗಳಲ್ಲಿ ಹಸಿರಾಗಬೇಕಿದ್ದ ಹುಲ್ಲು ಮೊಳಕಾಲಿಗೂ ಬರಲಿಲ್ಲ. ದನ ಕುಡಿಯುವ ಕಟ್ಟೆಗಳಲ್ಲಿ ನೀರು ಇಳಿದ ಹಾಗೆ ಲವಣ ಹೆಚ್ಚುತ್ತಾ ಹೋಯಿತು. ನೀರಿದ್ದರೂ ಕುಡಿಸುವ ಹಾಗಿಲ್ಲ ಎಂಬ ಸ್ಥಿತಿ.

ಇಲ್ಲಿ ಆ ನಕ್ಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಯು.ಎಸ್. ಡ್ರಾಟ್ ಮಾನಿಟರ್ ಎಂಬ ಈ ನಕ್ಷೆ 1999ರಿಂದ ಪ್ರತಿ ಗುರುವಾರ ಹೊರಬರುತ್ತದೆ. ಲಿಂಕನ್‌ನ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಬರ ಕೇಂದ್ರ, ಹವಾಮಾನ ಸಂಸ್ಥೆ ನೋಆ, ಕೃಷಿ ಇಲಾಖೆ ಸೇರಿ ಮಾಡುತ್ತಾರೆ. ಬರಕ್ಕೆ ಡಿ1ರಿಂದ ಡಿ4ರವರೆಗೆ ಮಟ್ಟಗಳಿವೆ. ಡಿ2 ಅಂದರೆ ತೀವ್ರ, ಡಿ3 ಅತಿ ತೀವ್ರ, ಡಿ4 ಅದಕ್ಕೂ ಮೇಲೆ, ನಕ್ಷೆಯಲ್ಲಿ ಕಡುಗೆಂಪು. ಎಲ್‌ಎಫ್‌ಪಿ ಹಣ ಈ ಬಣ್ಣಕ್ಕೆ ನೇರ ಕಟ್ಟಿಕೊಂಡಿದೆ. 2021ರಲ್ಲಿ ನಿಯಮ ಹೀಗಿತ್ತು: ಮೇಯಿಸುವ ಋತುವಿನಲ್ಲಿ ಕೌಂಟಿ ಸತತ 8 ವಾರ ಡಿ2ರಲ್ಲಿದ್ದರೆ ಒಂದು ತಿಂಗಳ ಹಣ. ಒಮ್ಮೆ ಡಿ3 ಮುಟ್ಟಿದರೆ ಮೂರು ತಿಂಗಳದ್ದು. ಡಿ3ರಲ್ಲಿ 4 ವಾರ ಇದ್ದರೆ ಅಥವಾ ಒಮ್ಮೆ ಡಿ4 ಮುಟ್ಟಿದರೆ ನಾಲ್ಕು. ಡಿ4ರಲ್ಲೇ 4 ವಾರ ಇದ್ದರೆ ಐದು. ಕೌಂಟಿಯ ಯಾವುದೋ ಒಂದು ಮೂಲೆಗೆ ಆ ಬಣ್ಣ ಬಿದ್ದರೂ ಸಾಕು, ಇಡೀ ಕೌಂಟಿಗೆ ಲೆಕ್ಕ.

ನಮ್ಮಲ್ಲೂ ಬರ ಘೋಷಣೆಗೆ ತಾಲ್ಲೂಕೇ ಘಟಕ ಅಲ್ವಾ? 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದಾಗ, ಪಟ್ಟಿಯ ಹೊರಗೆ ಉಳಿದ ಗಡಿ ಹಳ್ಳಿಗಳಿಗೂ ಇಂಥದ್ದೇ ಗಡಿ ಗೆರೆಯ ತೊಡಕು ಇತ್ತು. ಮೋಡ ಗಡಿ ನೋಡಿ ಮಳೆ ಸುರಿಸುವುದಿಲ್ಲ, ಕಡತಕ್ಕೆ ಮಾತ್ರ ಗಡಿ ಬೇಕು.

ಈ ಕುಟುಂಬದ ಸ್ವಂತ ನೆಲ ಇದ್ದ ಕೌಂಟಿ ಆ ಬೇಸಿಗೆ ಡಿ4ರಲ್ಲಿ 4 ವಾರಕ್ಕಿಂತ ಜಾಸ್ತಿ ಇತ್ತು. ಗುತ್ತಿಗೆ ನೆಲ ಇದ್ದ ಪಕ್ಕದ ಕೌಂಟಿ 4 ವಾರ ದಾಟಿದರೂ ಡಿ3ರಲ್ಲೇ ನಿಂತಿತು. ನಡುವೆ ಇದ್ದದ್ದು ಒಂದು ಜಲ್ಲಿ ರಸ್ತೆ. ರಸ್ತೆಯ ಈ ಕಡೆ ಐದು ತಿಂಗಳ ಹಣ, ಆ ಕಡೆ ನಾಲ್ಕು. ಹುಲ್ಲು ಎರಡೂ ಕಡೆ ಒಂದೇ ಥರ ಸುಟ್ಟಿತ್ತು.

ಜೂನ್ ತಿಂಗಳ ಜಗಳ

ನಿಜವಾದ ಸಮಸ್ಯೆ ಪರಿಹಾರದ ಹಣದ್ದಲ್ಲ, ದನದ್ದು. ಜೂನ್ ಮಧ್ಯಕ್ಕೆ ಹುಲ್ಲು ಇನ್ನೊಂದು ತಿಂಗಳಿಗೆ ಸಾಲುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಮನೆಯಲ್ಲಿ ಎರಡು ಪಕ್ಷ.

ಹೆಂಡತಿ ಹೇಳಿದ್ದು: ವಯಸ್ಸಾದವು, ಗೊಡ್ಡು ಬಿದ್ದವು, ಕಾಲು ಕೆಟ್ಟವು ಸೇರಿ 75 ಹಸುಗಳನ್ನು ಈಗಲೇ ಮಾರೋಣ. ಎಲ್ಲರೂ ಮಾರಲು ಹೊರಟಾಗ ಬೆಲೆ ಬೀಳುತ್ತದೆ. ಆಗಲೇ ಹರಾಜು ಕೇಂದ್ರಗಳ ಮುಂದೆ ಟ್ರಕ್ಕುಗಳ ಸಾಲು ಬೆಳೆಯುತ್ತಿತ್ತು.

ಗಂಡ ಮತ್ತು ಮಗನ ವಾದ ಬೇರೆ. ಪರಿಹಾರ ತಲೆ ಲೆಕ್ಕದಲ್ಲಿ ಬರುತ್ತದೆ. ಮಾರಿಬಿಟ್ಟರೆ ಆ ತಲೆಗಳ ಹಣ ಹೋಯಿತು. ಒಣಹುಲ್ಲು ಕೊಂಡಾದರೂ ಸರಿ, ಹಣ ಕೈಗೆ ಬರುವವರೆಗೆ ಹಿಡಿದುಕೊಳ್ಳೋಣ.

ಇದು ಅವರೊಬ್ಬರ ತಪ್ಪು ಕಲ್ಪನೆಯಲ್ಲ. ಹೊರಗಿನಿಂದ ನೋಡಿದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಪರಿಹಾರದ ಆಸೆಗೆ ದನ ಹಿಡಿದಿಟ್ಟುಕೊಂಡು, ಇದ್ದಬದ್ದ ಹುಲ್ಲನ್ನು ಬೇರು ಕಾಣುವವರೆಗೆ ಮೇಯಿಸಿ, ಮುಂದಿನ ವರ್ಷದ ಹುಲ್ಲನ್ನೂ ಹಾಳು ಮಾಡಿಕೊಳ್ಳುವುದು ಬರಗಾಲದಲ್ಲಿ ಆಗುವ ದೊಡ್ಡ ನಷ್ಟ. ಅದಕ್ಕೆ ಯಾವ ಯೋಜನೆಯೂ ಪರಿಹಾರ ಕೊಡುವುದಿಲ್ಲ.

ವಾದ ಒಂದು ವಾರ ನಡೆಯಿತು. ಆ ವಾರದಲ್ಲಿ ಅವರು ಕಟ್ಟೆ ಬತ್ತಿದ ಫೋಟೊ, ಹುಲ್ಲಿನ ಫೋಟೊ ತೆಗೆದು ಬರ ಕೇಂದ್ರದ ವೆಬ್‌ಸೈಟಿಗೆ ವರದಿ ಕಳಿಸುವ ಕೆಲಸವನ್ನೂ ಮಾಡಿದರು. ಯಾರು ಬೇಕಾದರೂ ಕಳಿಸಬಹುದು. ಒಂದು ವರದಿಯಿಂದ ನಕ್ಷೆಯ ಬಣ್ಣ ಬದಲಾಗುವುದಿಲ್ಲ. ಆದರೆ ನಕ್ಷೆ ಬರೆಯುವವರು ಮಳೆ, ಮಣ್ಣಿನ ತೇವ, ನದಿ ನೀರು ಇವುಗಳ ಜೊತೆಗೆ ಇಂಥ ವರದಿಗಳನ್ನೂ ನೋಡುತ್ತಾರೆ. ಮಳೆ ಮಾಪಕ ದೂರ ಇರುವ ಕಡೆ ಇದಕ್ಕೆ ಬೆಲೆ ಇದೆ.

ಕಚೇರಿಯಲ್ಲಿ ಕೇಳಿದ ಒಂದು ಪ್ರಶ್ನೆ

ಜಗಳ ಮುಗಿಸಿದ್ದು ಹೆಂಡತಿ. ಅವರು ಕೌಂಟಿ ಕಚೇರಿಗೆ ಹೋಗಿ ನೇರವಾಗಿ ಕೇಳಿದರು: ಈಗ ಮಾರಿದರೆ ಆ ಹಸುಗಳು ಲೆಕ್ಕಕ್ಕೆ ಬರುತ್ತವೋ ಇಲ್ಲವೋ?

ಬರುತ್ತವೆ. ನಿಯಮ ನೋಡುವುದು ಬರದ ಅರ್ಹತೆ ಶುರುವಾದ ದಿನಕ್ಕೆ ಹಿಂದಿನ 60 ದಿನಗಳಲ್ಲಿ ನಿಮ್ಮ ಹತ್ತಿರ ಎಷ್ಟು ದನ ಇತ್ತು ಎಂಬುದನ್ನು. ಆಮೇಲೆ ಬರದ ಕಾರಣಕ್ಕೇ ಮಾರಿದರೆ ಅವು ಪಟ್ಟಿಯಿಂದ ಬೀಳುವುದಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಬರಕ್ಕೆ ಮಾರಿದ ದನಕ್ಕೂ 80 ಶೇಕಡಾ ದರದಲ್ಲಿ ಲೆಕ್ಕ ಸಿಗುತ್ತದೆ. ಅಂದರೆ ಬೇಗ ಮಾರಿದವರಿಗೆ ಶಿಕ್ಷೆ ಆಗಬಾರದು ಎಂದೇ ನಿಯಮ ಬರೆದಿದ್ದಾರೆ. ಬೇಕಾಗುವುದು ದಾಖಲೆ: ಯಾವ ದಿನ ಎಷ್ಟು ದನ ಇತ್ತು, ಎಷ್ಟು ಮಾರಿದಿರಿ, ಹರಾಜಿನ ರಸೀದಿ.

ಕಚೇರಿಯವರು ಇನ್ನೊಂದು ಮಾತೂ ಹೇಳಿದರು. ಇಡೀ ಪ್ರಕರಣದ ತಿರುವು ಅದೇ. ಪರಿಹಾರ ಬರೀ ತಲೆ ಲೆಕ್ಕವಲ್ಲ. ಎರಡು ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದರ 60 ಶೇಕಡಾ ಕೊಡುತ್ತಾರೆ. ಒಂದು, ನಿಮ್ಮ ದನಗಳ ತಿಂಗಳ ಮೇವಿನ ಖರ್ಚು. ಇನ್ನೊಂದು, ನಿಮ್ಮ ಹುಲ್ಲುಗಾವಲು ಮಾಮೂಲಿ ವರ್ಷದಲ್ಲಿ ಎಷ್ಟು ದನ ತಾಳುತ್ತದೋ ಅಷ್ಟು ದನದ ಮೇವಿನ ಖರ್ಚು. ಮೇವಿನ ಖರ್ಚಿಗೆ ಮಾರುಕಟ್ಟೆಯ ಒಣಹುಲ್ಲಿನ ಬೆಲೆ ನೋಡುವುದಿಲ್ಲ. ಒಂದು ದೊಡ್ಡ ಹಸುವಿಗೆ ದಿನಕ್ಕೆ 15.7 ಪೌಂಡ್, ಅಂದರೆ ಸುಮಾರು 7 ಕೆ.ಜಿ. ಮೆಕ್ಕೆಜೋಳ ಅಂತ ಕಾಯ್ದೆಯಲ್ಲೇ ಇದೆ. ಅದನ್ನು ಮೆಕ್ಕೆಜೋಳದ ಸರಾಸರಿ ಬೆಲೆಗೆ ಗುಣಿಸುತ್ತಾರೆ. ಹಾಗಾಗಿ ದರ ವರ್ಷ ವರ್ಷ ಬದಲಾಗುತ್ತದೆ.

ಈಗ ಲೆಕ್ಕ ನೋಡಿ. 240 ಹಸು. 80 ಹೋರಿಗರು ಒಂದೊಂದಕ್ಕೆ ಮುಕ್ಕಾಲು ಹಸುವಿನ ಲೆಕ್ಕ, ಅಂದರೆ 60. ಒಟ್ಟು 300. ನೆಲದ ಕಡೆ, ಆ ಸೀಮೆಯಲ್ಲಿ ಹಸುವಿಗೆ 10 ಎಕರೆ ಎಂದುಕೊಳ್ಳಿ. ಇದನ್ನು ತೀರ್ಮಾನಿಸುವುದರಲ್ಲಿ ಸ್ಥಳೀಯ ರೈತರೇ ಆರಿಸಿದ ಕೌಂಟಿ ಸಮಿತಿಯ ಪಾತ್ರ ಇರುತ್ತದೆ. ಸ್ವಂತ ನೆಲಕ್ಕೆ 160, ನಗದು ಗುತ್ತಿಗೆ ನೆಲಕ್ಕೆ 60, ಒಟ್ಟು 220. ಕಡಿಮೆ ಇರುವುದು 220, ಹಣ ಅದಕ್ಕೇ. 300 ಇಟ್ಟುಕೊಂಡರೂ ಅಷ್ಟೇ.

ಗಂಡ, ಮಗ ಯಾವ ಹಣ ಕೈತಪ್ಪುತ್ತದೆ ಎಂದು ಹೆದರಿ ದನ ಹಿಡಿದಿಟ್ಟಿದ್ದರೋ ಆ ಹಣ ಇರಲೇ ಇಲ್ಲ. ಜೂನ್ ಕೊನೆಯಲ್ಲಿ 75 ಹಸು ಮಾರಿದರು. ಜುಲೈ ಮೊದಲ ವಾರ ಹೋರಿಗರುಗಳನ್ನೂ ಪೂರ್ತಿ ತೂಕ ಬರುವ ಮೊದಲೇ ಹೊರಗೆ ತೆಗೆದರು.

ನನಗೆ ಈ ನಿಯಮದಲ್ಲಿ ಹಿಡಿಸಿದ್ದು ಈ ನೆಲದ ಮಿತಿ. ನೆಲ ತಾಳುವುದಕ್ಕಿಂತ ಹೆಚ್ಚು ದನ ತುಂಬಿದವನಿಗೆ ಸರ್ಕಾರ ಹೆಚ್ಚು ಕೊಡುವುದಿಲ್ಲ. ಬೇಜಾರಿನ ವಿಷಯ ಏನೆಂದರೆ, ಈ ಒಳ್ಳೆಯ ನಿಯಮ ದನ ಮಾರುವ ತೀರ್ಮಾನಕ್ಕೆ ಮೊದಲೇ ರೈತನ ಕಿವಿಗೆ ಬೀಳುವುದು ಕಡಿಮೆ. ಅರ್ಜಿ ತುಂಬುವಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಒಣಹುಲ್ಲಿಗೆ ದುಡ್ಡು ಸುರಿದಾಗಿರುತ್ತದೆ.

ಕಾಗದದಲ್ಲಿ ಸಿಕ್ಕಿಬಿದ್ದ 400 ಎಕರೆ

ನೆರೆಯವರ 400 ಎಕರೆ ಈ ಲೆಕ್ಕದಲ್ಲಿ ಏಕಿಲ್ಲ? ತೂಕದ ಮೇಲೆ ಬಾಡಿಗೆ ಕೊಡುವ ನೆಲ ಎಲ್‌ಎಫ್‌ಪಿಗೆ ಸೇರುವುದಿಲ್ಲ. ಸ್ವಂತದ್ದಿರಬೇಕು, ಇಲ್ಲವೇ ನಗದು ಗುತ್ತಿಗೆ ಇರಬೇಕು. ಹಾಗಾದರೆ ನೆಲದ ಯಜಮಾನರು ಅರ್ಜಿ ಹಾಕಬಹುದಾ? ಅವರ ಹತ್ತಿರ ದನ ಇಲ್ಲ, ಅವರಿಗೂ ಇಲ್ಲ. ಆ ಹುಲ್ಲು ಸರ್ಕಾರದ ಲೆಕ್ಕದಲ್ಲಿ ಯಾರದ್ದೂ ಅಲ್ಲ.

ಇನ್ನೊಂದು ತೊಡಕು ಪಕ್ಕದ ಕೌಂಟಿಯ 600 ಎಕರೆಯದ್ದು. ಬಿತ್ತಿದ ಬೆಳೆ ಇಲ್ಲವಲ್ಲ ಎಂದು ಅದನ್ನು ವಾರ್ಷಿಕ ಎಕರೆ ವರದಿಯಲ್ಲಿ ತೋರಿಸಿಯೇ ಇರಲಿಲ್ಲ. ನಮ್ಮ ಪಹಣಿಯಲ್ಲಿ ಬೆಳೆ ಕಾಲಂ ಖಾಲಿ ಬಿಟ್ಟ ಹಾಗೆ. ಯಾವ ನೆಲದಲ್ಲಿ ಮೇಯಿಸಿದಿರಿ ಎಂಬುದಕ್ಕೆ ಆ ವರದಿಯೇ ಆಧಾರ. ತಡವಾಗಿ ಸಲ್ಲಿಸಲು ಅವಕಾಶ ಇತ್ತು, ಶುಲ್ಕ ಕಟ್ಟಿ ಸರಿಮಾಡಿಕೊಂಡರು. ಗುತ್ತಿಗೆ ಪತ್ರ ಲಿಖಿತದಲ್ಲಿದ್ದದ್ದು ಇಲ್ಲಿ ಕೈಹಿಡಿಯಿತು.

ಬಂದ ಹಣ

ಲೆಕ್ಕ ಸುಲಭವಾಗಲೆಂದು ಒಂದು ಹಸುವಿನ ತಿಂಗಳ ಮೇವಿಗೆ 50 ಡಾಲರ್ ಎಂದಿಟ್ಟುಕೊಳ್ಳುತ್ತೇನೆ. ಅದರ 60 ಶೇಕಡಾ 30 ಡಾಲರ್. ಸ್ವಂತ ನೆಲಕ್ಕೆ 160 ಹಸು, ಐದು ತಿಂಗಳು: 24,000 ಡಾಲರ್. ಗುತ್ತಿಗೆ ನೆಲಕ್ಕೆ 60 ಹಸು, ನಾಲ್ಕು ತಿಂಗಳು: 7,200. ಒಟ್ಟು 31,200. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಎಂಬ ಮಿತಿ ಇದೆ. ಈ ಗಾತ್ರದ ರಾಂಚ್‌ಗೆ ಅದು ದೂರದ ಮಾತು.

ಉಳಿಸಿಕೊಂಡ ಹಸುಗಳಿಗೆ 300 ಮೈಲಿ ದೂರದಿಂದ ಆರು ಟ್ರಕ್ ಒಣಹುಲ್ಲು ತರಿಸಿದ್ದರು. ಆಗ ಸಾಗಣೆಗೆ ಸಹಾಯ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೃಷಿ ಇಲಾಖೆ ಎಲಾಪ್ ಎಂಬ ಇನ್ನೊಂದು ಯೋಜನೆಯಲ್ಲಿ ಮೇವು ಸಾಗಣೆ ಖರ್ಚನ್ನೂ ಸೇರಿಸಿತು, 2021ರಲ್ಲಿ ಆಗಲೇ ಆದ ಖರ್ಚಿಗೂ ಅನ್ವಯವಾಗುವ ಹಾಗೆ. ಮೊದಲ 25 ಮೈಲಿ ಬಿಟ್ಟು, 1,000 ಮೈಲಿವರೆಗೆ, ಮೈಲಿಗೆ 6.60 ಡಾಲರ್, ಅದರ 60 ಶೇಕಡಾ. ಈ ದೂರಕ್ಕೆ ಟ್ರಕ್ಕಿಗೆ 1,089 ಡಾಲರ್. ಆರು ಟ್ರಕ್ ಬಂದಿದ್ದರೂ ರಸೀದಿ ಇದ್ದದ್ದು ನಾಲ್ಕಕ್ಕೆ. ಉಳಿದೆರಡು ಪರಿಚಯದ ಡ್ರೈವರ್‌ಗೆ ನಗದು ಕೊಟ್ಟು ತರಿಸಿದ್ದವು. ಸಿಕ್ಕಿದ್ದು 4,356.

2022ರ ಮಾರ್ಚ್ 31ರಂದು ಇನ್ನೊಂದು ಘೋಷಣೆ ಬಂತು. ಎಮರ್ಜೆನ್ಸಿ ಲೈವ್‌ಸ್ಟಾಕ್ ರಿಲೀಫ್ ಪ್ರೋಗ್ರಾಂ. 2021ರ ಎಲ್‌ಎಫ್‌ಪಿ ಅರ್ಜಿ ಮಂಜೂರಾದವರಿಗೆ, ಹೊಸ ಅರ್ಜಿ ಇಲ್ಲದೆಯೇ, ಆ ಮೊತ್ತದ 75 ಶೇಕಡಾ ಹೆಚ್ಚುವರಿ. ಹೊಸದಾಗಿ ಕೃಷಿಗೆ ಬಂದವರು, ಮಾಜಿ ಸೈನಿಕರು ಮೊದಲಾದ ಕೆಲವು ವರ್ಗಗಳಿಗೆ 90. ಈ ಕುಟುಂಬಕ್ಕೆ 23,400 ಡಾಲರ್ ಬಂತು.

ರಸ್ತೆಯಾಚೆಯ ಇನ್ನೊಬ್ಬ ನೆರೆಯವರಿಗೆ ಮಾತ್ರ ಇದರಲ್ಲಿ ಒಂದು ಪೈಸೆಯೂ ಸಿಗಲಿಲ್ಲ. ಸರ್ಕಾರದ ಹಣದ ಸಹವಾಸವೇ ಬೇಡ ಎಂದು ಅವರು 2021ರ ಅರ್ಜಿ ಹಾಕಿರಲಿಲ್ಲ. ವರ್ಷ ಮುಗಿದ 30 ದಿನದೊಳಗೆ ಹಾಕಬೇಕಿತ್ತು. ಮಾರ್ಚ್‌ನಲ್ಲಿ ಮನಸ್ಸು ಬದಲಾದರೂ ಬಾಗಿಲು ಮುಚ್ಚಿತ್ತು. ಮೊದಲ ಅರ್ಜಿ ಬಿಟ್ಟವರಿಗೆ ಎರಡನೆಯದೂ ಹೋಯಿತು. ತತ್ವಕ್ಕೆ ಬಿಟ್ಟಿದ್ದರೆ ಅದು ಅವರಿಷ್ಟ. ಸುಮ್ನೆ ಸೋಮಾರಿತನಕ್ಕೆ ಬಿಟ್ಟವರೂ ಆ ಪಟ್ಟಿಯಲ್ಲೇ ಸೇರಿದರು.

400 ಎಕರೆ ನಗದು ಗುತ್ತಿಗೆಯಲ್ಲಿದ್ದಿದ್ದರೆ? 40 ಹಸು, ಐದು ತಿಂಗಳು: 6,000. ಅದರ ಮೇಲೆ 75 ಶೇಕಡಾ 4,500. ಒಟ್ಟು 10,500 ಡಾಲರ್ ಕೈತಪ್ಪಿತು ಎಂದು ಮಗ ಹೇಳುತ್ತಾನೆ. ನಾನು ಅಷ್ಟು ದೊಡ್ಡ ಅಂಕಿ ಒಪ್ಪುವುದಿಲ್ಲ. ಹೋರಿಗರುಗಳು ಜುಲೈಗೇ ಹೊರಬಂದಿದ್ದರಿಂದ ತೂಕ ಏರಿದ್ದು ಕಡಿಮೆ, ನೆರೆಯವರಿಗೆ ಕೊಟ್ಟ ಬಾಡಿಗೆಯೂ ಕಡಿಮೆ. ನಗದು ಗುತ್ತಿಗೆ ಆಗಿದ್ದರೆ ಹುಲ್ಲಿರಲಿ ಬಿಡಲಿ ಪೂರ್ತಿ ಕೊಡಬೇಕಿತ್ತು. ಆ ಹಳೆಯ ಒಪ್ಪಂದವೇ ಒಂದು ಬಗೆಯ ಬರ ವಿಮೆ, ವಯಸ್ಸಾದ ನೆರೆಯವರ ಜೇಬಿನಿಂದ ಹೋದದ್ದು. ಪರಿಹಾರ ತಪ್ಪಿದ್ದಕ್ಕೆ ನಿಜವಾಗಿ ಸೋತವರು ಅವರು. ಅವರ ಹೆಸರು ಯಾವ ಅರ್ಜಿಯಲ್ಲೂ ಇಲ್ಲ.

ಆಮೇಲೆ

2022ರ ಏಪ್ರಿಲ್‌ನಲ್ಲಿ ಉತ್ತರ ಡಕೋಟಾದಲ್ಲಿ ದೊಡ್ಡ ಹಿಮಗಾಳಿ ಬೀಸಿತು. ಕರು ಹಾಕುವ ಹೊತ್ತು. ಕೆಲವು ಕರು ಸತ್ತವು. ಅದಕ್ಕೆ ಬೇರೆ ಯೋಜನೆ, ಬೇರೆ ಅರ್ಜಿ. ಆದರೆ ಆ ಹಿಮ ಕರಗಿ ನೆಲಕ್ಕೆ ಇಳಿದದ್ದೇ ಬರವನ್ನು ಸಡಿಲಿಸಿತು. ಜೂನ್‌ನಲ್ಲೇ ದನ ಇಳಿಸಿದ್ದರಿಂದ ಸ್ವಂತ ಹುಲ್ಲುಗಾವಲಿನಲ್ಲಿ ಬೇರು ಉಳಿದಿತ್ತು. ಅದು ಬೇಗ ಚೇತರಿಸಿಕೊಂಡಿತು.

ಮಾರಿದ ಹಸುಗಳನ್ನು ಮರಳಿ ತರುವುದು ಮಾತ್ರ ಸುಲಭವಾಗಲಿಲ್ಲ. ಬರಕ್ಕೆ ಅನಿವಾರ್ಯವಾಗಿ ಮಾರಿದ ತಳಿ ಹಸುಗಳ ಲಾಭಕ್ಕೆ ತಕ್ಷಣ ತೆರಿಗೆ ಕಟ್ಟದೆ, ಸಾಮಾನ್ಯವಾಗಿ ನಾಲ್ಕು ವರ್ಷದೊಳಗೆ ಬದಲಿ ಹಸು ಕೊಳ್ಳಲು ಅಮೆರಿಕದ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಅವರು ಅದನ್ನು ಬಳಸಿದರು. ಅಷ್ಟರಲ್ಲಿ ದೇಶದ ತುಂಬ ಎಲ್ಲರೂ ದನ ಮಾರಿಕೊಂಡಿದ್ದರು. 2025ರ ಜನವರಿ 1ರ ಎಣಿಕೆಯಲ್ಲಿ ಅಮೆರಿಕದ ಒಟ್ಟು ದನ 8.67 ಕೋಟಿ, 1951ರ ನಂತರದ ಕನಿಷ್ಠ. ಹಸುವಿನ ಬೆಲೆ ಗಗನಕ್ಕೇರಿತ್ತು. ಹಾಗಾಗಿ ಸ್ವಲ್ಪವೇ ಕೊಂಡು, ಮಿಕ್ಕದ್ದಕ್ಕೆ ಮನೆಯ ಪಡ್ಡೆಗಳನ್ನೇ ಬೆಳೆಸಿಕೊಂಡರು. ಈಗ 200 ಹಸುಗಳಿವೆ. 240ಕ್ಕೆ ಹೋಗುವ ಯೋಚನೆ ಇಲ್ಲ. ನೆಲ ತಾಳುವುದು 220 ಎಂದು ಸರ್ಕಾರದ ಕಾಗದವೇ ತೋರಿಸಿತ್ತಲ್ಲ.

ನೆರೆಯವರ 400 ಎಕರೆಗೆ 2023ರಲ್ಲಿ ಲಿಖಿತ ನಗದು ಗುತ್ತಿಗೆ ಮಾಡಿಕೊಂಡರು. ಬರ ಬಂದು ದನ ಬೇಗ ಹೊರಗೆ ತೆಗೆದರೆ ಬಾಡಿಗೆ ದಿನದ ಲೆಕ್ಕದಲ್ಲಿ ಇಳಿಯುತ್ತದೆ, ಪರಿಹಾರ ಬಂದರೆ ಇಳಿಸಿದ್ದನ್ನು ತುಂಬಿಕೊಡಬೇಕು. ಈ ಕೊನೆಯ ಷರತ್ತು ಹಾಕಿಸಿದ್ದು ಹೆಂಡತಿ, ಮಗನಿಗೆ ಅಷ್ಟು ಇಷ್ಟವಿರಲಿಲ್ಲ.

2025ರ ಜುಲೈ 4ರಂದು ಸಹಿಯಾದ ಹೊಸ ಕಾಯ್ದೆ ಎಲ್‌ಎಫ್‌ಪಿ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದೆ. ಈಗ ಡಿ2ರಲ್ಲಿ ಸತತ 4 ವಾರ ಇದ್ದರೇ ಒಂದು ತಿಂಗಳ ಹಣ, 8 ವಾರಗಳಲ್ಲಿ 7 ವಾರ ಇದ್ದರೆ ಎರಡು ತಿಂಗಳದ್ದು. ಹಣ ಬೇಗ ಶುರುವಾಗುತ್ತದೆ, ನಿಜ. ಆದರೂ ಈ ಮನೆಯವರು ದನ ಇಳಿಸುವ ದಿನಕ್ಕೆ ಗುರುವಾರದ ನಕ್ಷೆ ಕಾಯುವುದನ್ನು ಬಿಟ್ಟಿದ್ದಾರೆ. ಜೂನ್ 1ಕ್ಕೆ ಹುಲ್ಲು ಎಷ್ಟು ಎತ್ತರ ಇರಬೇಕು ಎಂದು ಬರೆದಿಟ್ಟಿದ್ದಾರೆ. ಅಷ್ಟಿಲ್ಲದಿದ್ದರೆ ಮೊದಲು ಹೋರಿಗರು, ಆಮೇಲೆ ಗೊಡ್ಡು ಹಸು. ಟ್ರಕ್ಕಿನವರ ರಸೀದಿ ಇಡಲು ಅಡುಗೆಮನೆಯ ಡ್ರಾಯರ್ ಒಂದನ್ನು ಖಾಲಿ ಮಾಡಿದ್ದಾರೆ.